ಮೊಲ್ಲಿ ಕೀನ್ ಕನ್ನಡಕ್ಕೆ ಬರಲಿ: ಕುವೆಂಪು ಭಾಷಾ ಭಾರತಿ ಪ್ರಾಧಿಕಾರಕ್ಕೆ ಒಂದು ಬಹಿರಂಗ ಪತ್ರ

ಕುವೆಂಪು ಭಾಷಾ ಭಾರತಿ ಪ್ರಾಧಿಕಾರದ ಅಧ್ಯಕ್ಷರಿಗೂ ಸದಸ್ಯರಿಗೂ, ಹಾಗೇ ಅನುವಾದ ಪ್ರಕಟಿಸುವ ಕನ್ನಡದ ಎಲ್ಲ ಪ್ರಕಾಶಕರಿಗೂ ನಮಸ್ಕಾರ.

ನೇರವಾಗಿ ವಿಷಯಕ್ಕೇ ಬರುತ್ತೇನೆ. ಐರ್ಲೆಂಡಿನ ಕಾದಂಬರಿಗಾರ್ತಿ ಮೊಲ್ಲಿ ಕೀನ್ ಅವರ ‘ಗುಡ್ ಬಿಹೇವಿಯರ್’ ಕನ್ನಡಕ್ಕೆ ಬರಬೇಕು. ನೀವು ಮಾಡಿಸಿದರೆ ಸಂತೋಷ. ಇಲ್ಲವಾದರೆ ಯಾರಾದರೂ ಒಬ್ಬ ಪ್ರಕಾಶಕರು ಕೈ ಹಾಕಲಿ. ಇಷ್ಟು ಕೇಳುವುದಕ್ಕೆ ಒಂದು ಅರ್ಜಿ ಸಾಕಿತ್ತು. ಆದರೆ ಈ ಹೆಸರು ಹೇಳಿದ ಕೂಡಲೇ ‘ಯಾರದು?’ ಅನ್ನುತ್ತಾರೆ. ಯಾರು ಅಂತ ಹೇಳಿದ ಮೇಲೆ ‘ಅಂಥವರದ್ದು ನಮಗ್ಯಾಕೆ?’ ಅನ್ನುತ್ತಾರೆ. ಎರಡನೆಯ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಉತ್ತರ ಓದುಗರ ಎದುರೇ ಇರಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಐರ್ಲೆಂಡ್ ನಮಗೆ ತೀರ ದೂರದ ದೇಶವೇನಲ್ಲ. ಇಂಗ್ಲಿಷ್‌ನಲ್ಲಿ ಕವಿತೆ ಬರೆಯುತ್ತಿದ್ದ ಹುಡುಗ ಪುಟ್ಟಪ್ಪನಿಗೆ ‘ನಿನ್ನ ಭಾಷೆಯಲ್ಲಿ ಬರಿ’ ಎಂದು ಮೈಸೂರಿನಲ್ಲಿ ಬುದ್ಧಿ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ನಿಮ್ಮ ಪ್ರಾಧಿಕಾರದ ಹೆಸರಿನಲ್ಲಿರುವವರ ಕಥೆ, ನಾನು ನಿಮಗೆ ಹೇಳಬೇಕಾಗಿಲ್ಲ. ಏಟ್ಸ್, ಶಾ, ಜಾಯ್ಸ್, ಬೆಕೆಟ್ ಹೆಸರುಗಳು ಇಂಗ್ಲಿಷ್ ಎಂ.ಎ. ಮಾಡಿದವರಿಗೆಲ್ಲ ಬಾಯಿಪಾಠ. ಎಲ್ಲರೂ ಗಂಡಸರು. ಆ ದೇಶದ ಹೆಂಗಸರೂ ಬರೆದಿದ್ದಾರೆ ಅಂತ ನಮ್ಮ ಸಿಲಬಸ್ಸುಗಳಿಗೆ ಹೊಳೆಯುವುದೇ ಇಲ್ಲ.

ಮೊಲ್ಲಿ ಕೀನ್ ಹುಟ್ಟಿದ್ದು 1904ರ ಜುಲೈನಲ್ಲಿ, ಕಿಲ್ಡೇರ್ ಕೌಂಟಿಯಲ್ಲಿ. ಬೆಳೆದದ್ದು ವೆಕ್ಸ್‌ಫರ್ಡ್ ಕೌಂಟಿಯ ಬ್ಯಾಲಿರಾಂಕಿನ್ ಎಂಬ ದೊಡ್ಡ ಮನೆಯಲ್ಲಿ. ಇವರದು ಆಂಗ್ಲೋ-ಐರಿಷ್ ವರ್ಗ. ಅಂದರೆ ಇಂಗ್ಲೆಂಡಿನಿಂದ ಬಂದು, ಐರಿಷರ ನೆಲ ಹಿಡಿದು, ತಲೆಮಾರುಗಟ್ಟಲೆ ಗೇಣಿ ತಿಂದ ಪ್ರಾಟೆಸ್ಟಂಟ್ ಜಮೀನ್ದಾರರು. ಉಳುವವರು ಕ್ಯಾಥೊಲಿಕರು. ಧಣಿಗಳ ಬಂಗಲೆಗೆ ಅಲ್ಲಿ ‘ಬಿಗ್ ಹೌಸ್’ ಅನ್ನುತ್ತಾರೆ. 1903ರ ಭೂಕಾಯಿದೆ ಬಂದ ಮೇಲೆ ಸರ್ಕಾರದ ಸಾಲದಿಂದ ಗೇಣಿದಾರರೇ ಜಮೀನು ಕೊಳ್ಳುತ್ತಾ ಹೋದರು. ಧಣಿಗಳಿಗೆ ಮನೆ ಉಳಿಯಿತು, ಕುದುರೆಗಳು ಉಳಿದವು, ಜಂಬ ಉಳಿಯಿತು. ವರಮಾನ ಹೋಯಿತು. ನಮ್ಮಲ್ಲಿ 1974ರ ಭೂಸುಧಾರಣೆ ಆದ ಮೇಲೆ ದೊಡ್ಡಮನೆಗಳ ಹೆಬ್ಬಾಗಿಲ ಒಳಗೆ ಏನಾಯಿತು ಅಂತ ಕಂಡವರಿಗೆ ಈ ಜಗತ್ತನ್ನು ಬಿಡಿಸಿ ಹೇಳಬೇಕಿಲ್ಲ.

ಮೊಲ್ಲಿಯ ಅಮ್ಮ ಮೊಯ್ರಾ ಓನೀಲ್ ಎಂಬ ಹೆಸರಿನಲ್ಲಿ ಕವಿತೆ ಬರೆದು ಪ್ರಸಿದ್ಧರಾದವರು. ಮಕ್ಕಳ ಪಾಲಿಗೆ ಮಾತ್ರ ದೂರದವರು. ಅಪ್ಪನಿಗೆ ಕುದುರೆಯೇ ಪ್ರಪಂಚ. ಓದು-ಬರಹ ಮನೆಯಲ್ಲಿದ್ದ ಗವರ್ನೆಸ್‌ಗಳ ಕೈಲಿ. 1921ರಲ್ಲಿ, ಸ್ವಾತಂತ್ರ್ಯದ ಯುದ್ಧ ನಡೆಯುತ್ತಿದ್ದಾಗ, ಐರಿಷ್ ಹೋರಾಟಗಾರರು ಬ್ಯಾಲಿರಾಂಕಿನ್‌ಗೆ ಬೆಂಕಿ ಹಚ್ಚಿದರು. ಆ ನಾಲ್ಕೈದು ವರ್ಷದಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಇಂಗ್ಲೆಂಡಿಗೆ ಹೋಗಿ ಬದುಕುವುದಕ್ಕಿಂತ ಐರ್ಲೆಂಡಿನಲ್ಲಿ ಗುಂಡು ತಿಂದು ಸಾಯುವುದೇ ಮೇಲು ಅಂದರಂತೆ ಅಪ್ಪ. ಹುಟ್ಟಾ ಇಂಗ್ಲಿಷರವನ ಬಾಯಲ್ಲಿ ಈ ಮಾತು! ಇಂಗ್ಲೆಂಡಿನಲ್ಲಿ ಐರಿಷರು, ಐರ್ಲೆಂಡಿನಲ್ಲಿ ಇಂಗ್ಲಿಷರು. ಇವರ ಪಾಡೇ ಅದು.

ಹದಿನೇಳರ ಪ್ರಾಯದಲ್ಲಿ ಕಾಯಿಲೆಯಿಂದ ಮಲಗಿದ್ದಾಗ ಮೊಲ್ಲಿ ಮೊದಲ ಕಾದಂಬರಿ ಬರೆದರು. ಬಟ್ಟೆಬರೆಗೆ ನಾಲ್ಕು ಕಾಸು ಬೇಕಿತ್ತು, ಅಷ್ಟೇ ಆಸೆ. 1926ರಲ್ಲಿ ಮಿಲ್ಸ್ ಅಂಡ್ ಬೂನ್ ಅದನ್ನು ಪ್ರಕಟಿಸಿತು. ಮೇಲೆ ಅವರ ಹೆಸರಿರಲಿಲ್ಲ. ಬೇಟೆ ಮುಗಿಸಿ ಮನೆಗೆ ಬರುವ ದಾರಿಯಲ್ಲಿ ಒಂದು ಪಬ್ಬಿನ ಬೋರ್ಡಿನಲ್ಲಿ ಕಂಡ ‘ಎಂ. ಜೆ. ಫ್ಯಾರೆಲ್’ ಎಂಬ ಹೆಸರನ್ನೇ ಇಟ್ಟುಕೊಂಡರು. ಯಾಕೆ ಗೊತ್ತಾ? ಅವರ ವಲಯದಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆ ಮುರಿದುಕೊಂಡರೆ ಗೌರವ. ಹುಡುಗಿ ಪುಸ್ತಕ ಓದಿದರೆ ಅನುಮಾನ. ಬರೆದಳು ಅಂತ ಗೊತ್ತಾದರೆ ಯಾರೂ ಡಾನ್ಸಿಗೆ ಕರೆಯುವುದಿಲ್ಲ.

ಹಾಗೆ ಬಚ್ಚಿಟ್ಟುಕೊಂಡೇ 1952ರವರೆಗೆ ಹನ್ನೊಂದು ಕಾದಂಬರಿ ಬಂದವು. ನಾಟಕಗಳೂ ಬಂದವು. ಗೆಳೆಯ ಜಾನ್ ಪೆರಿ ಜೊತೆ ಬರೆದ ‘ಸ್ಪ್ರಿಂಗ್ ಮೀಟಿಂಗ್’ 1938ರಲ್ಲಿ ಲಂಡನ್ನಿನಲ್ಲಿ ಚೆನ್ನಾಗಿ ಓಡಿತು. ನಿರ್ದೇಶಕರು ಜಾನ್ ಗೀಲ್‌ಗುಡ್. ಅದೇ ವರ್ಷ ಬಾಬಿ ಕೀನ್ ಜೊತೆ ಮದುವೆ. ಎಂಟು ವರ್ಷದಲ್ಲಿ, 1946ರಲ್ಲಿ, ಆಪರೇಷನ್ ಆದ ಮೇಲೆ ಗಂಡ ಇದ್ದಕ್ಕಿದ್ದ ಹಾಗೆ ತೀರಿಕೊಂಡರು. ಗಂಡನಿಗೆ ಆಗ 36 ವರ್ಷ. ಮೊಲ್ಲಿಯ ಕೈಯಲ್ಲಿ ಎರಡು ಸಣ್ಣ ಹೆಣ್ಣುಮಕ್ಕಳು. 1961ರಲ್ಲಿ ಬಂದ ನಾಟಕ ಬಿದ್ದುಹೋಯಿತು. ರಂಗಭೂಮಿಯ ಗಾಳಿ ಬದಲಾಗಿತ್ತು, ಡ್ರಾಯಿಂಗ್ ರೂಮಿನ ಹಾಸ್ಯ ಯಾರಿಗೂ ಬೇಕಿರಲಿಲ್ಲ. ಮೊಲ್ಲಿ ಬರೆಯುವುದನ್ನೇ ಬಿಟ್ಟರು. ವಾಟರ್‌ಫರ್ಡ್ ಕೌಂಟಿಯ ಆರ್ಡ್‌ಮೋರ್ ಎಂಬ ಕಡಲ ತಡಿಯ ಹಳ್ಳಿಯಲ್ಲಿ ಮನೆ ಮಾಡಿಕೊಂಡು ಮಕ್ಕಳನ್ನು ಬೆಳೆಸಿದರು, ಬಂದವರಿಗೆ ರುಚಿಯಾಗಿ ಬೇಯಿಸಿ ಹಾಕಿದರು. ಅಡುಗೆಯ ಪುಸ್ತಕವನ್ನೂ ಬರೆದಿದ್ದಾರೆ. ಈ ಅಡುಗೆಯ ವಿಷಯ ನೆನಪಿಟ್ಟುಕೊಳ್ಳಿ, ಕಾದಂಬರಿಗೆ ಬೇಕಾಗುತ್ತದೆ.

ಎಪ್ಪತ್ತರ ಆಸುಪಾಸಿನಲ್ಲಿ ಮತ್ತೆ ಪೆನ್ನು ಹಿಡಿದರು. ‘ಗುಡ್ ಬಿಹೇವಿಯರ್’ ಮುಗಿಯಿತು. ಲಂಡನ್ನಿನ ಒಬ್ಬ ದೊಡ್ಡ ಪ್ರಕಾಶಕರು ವಾಪಸ್ ಕಳಿಸಿದರು. ಕಥೆ ತೀರ ಕಹಿ, ಒಂದಾದರೂ ಒಳ್ಳೆಯ ಪಾತ್ರ ಇರಲಿ ಅಂದರು. ಮೊಲ್ಲಿ ಬದಲಾಯಿಸಲಿಲ್ಲ. ಹಸ್ತಪ್ರತಿಯನ್ನು ಡ್ರಾಯರಿಗೆ ಹಾಕಿದರು. ನಟಿ ಪೆಗ್ಗಿ ಆಶ್‌ಕ್ರಾಫ್ಟ್ ಒಮ್ಮೆ ಅವರ ಮನೆಗೆ ಬಂದವರು ಜ್ವರ ಹಿಡಿದು ಮಲಗಿದರು. ಓದಲಿಕ್ಕೆ ಏನಾದರೂ ಕೊಡು ಅಂದಾಗ ಡ್ರಾಯರಿನಿಂದ ಇದು ಹೊರಬಂತು. ಓದಿದವರೇ ಪ್ರಕಟಿಸಲೇಬೇಕು ಅಂತ ಪಟ್ಟು ಹಿಡಿದರು. ಆಂದ್ರೆ ಡಾಯ್ಚ್ ಸಂಸ್ಥೆ 1981ರಲ್ಲಿ ಪ್ರಕಟಿಸಿತು. ಸಂಪಾದಕಿ ಡಯಾನಾ ಆಟ್‌ಹಿಲ್. ಮೊದಲ ಬಾರಿಗೆ ಮುಖಪುಟದ ಮೇಲೆ ‘ಮೊಲ್ಲಿ ಕೀನ್’ ಎಂಬ ಸ್ವಂತ ಹೆಸರು ಬಂತು. ಅದೇ ವರ್ಷ ಬೂಕರ್ ಅಂತಿಮ ಪಟ್ಟಿಗೂ ಸೇರಿತು. ಪಟ್ಟಿಯಲ್ಲಿ ಡೋರಿಸ್ ಲೆಸ್ಸಿಂಗ್, ಮ್ಯೂರಿಯಲ್ ಸ್ಪಾರ್ಕ್, ಇಯಾನ್ ಮೆಕ್ಯೂವನ್ ಇದ್ದರು. ಗೆದ್ದದ್ದು ಸಲ್ಮಾನ್ ರಶ್ದಿಯ ‘ಮಿಡ್‌ನೈಟ್ಸ್ ಚಿಲ್ಡ್ರನ್’. ಇಂಡಿಯಾದಲ್ಲಿ ಎಲ್ಲರಿಗೂ ಆ ವರ್ಷದ ಬೂಕರ್ ಅಂದರೆ ರಶ್ದಿ ಮಾತ್ರ ನೆನಪು.

ಆಗ ಮೊಲ್ಲಿಗೆ 77. ನಮ್ಮ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಅವರಿಗೂ 77. ಪ್ರಶಸ್ತಿ ಬೇರೆ, ಬದುಕು ಬೇರೆ, ಸುಮ್ನೆ ನೆನಪಾಯಿತು. ಆದರೆ ದೀಪಾ ಭಾಸ್ತಿ ಅವರ ಅನುವಾದದಿಂದ ಕನ್ನಡ ಅಷ್ಟು ದೂರ ಹೋಯಿತು ಅಂತ ಹೆಮ್ಮೆ ಪಟ್ಟೆವಲ್ಲ, ಒಳಗೆ ಬರುವ ಅನುವಾದಗಳ ಬಗ್ಗೆಯೂ ಅಷ್ಟೇ ಹುರುಪು ಇರಬೇಕಲ್ವಾ?

ಈಗ ಕಾದಂಬರಿಗೆ ಬರೋಣ. ಮೊದಲ ಅಧ್ಯಾಯದಲ್ಲೇ ಒಂದು ಸಾವು. ಐವತ್ತೇಳು ವಯಸ್ಸಿನ ಆರೂನ್ ಸೇಂಟ್ ಚಾರ್ಲ್ಸ್, ಮದುವೆಯಿಲ್ಲದ ದೊಡ್ಡ ಮೈಕಟ್ಟಿನ ಹೆಂಗಸು, ಹಾಸಿಗೆ ಹಿಡಿದ ಅಮ್ಮನಿಗೆ ಊಟದ ಟ್ರೇ ಒಯ್ಯುತ್ತಾಳೆ. ಮೊಲದ ಮಾಂಸವನ್ನು ನುಣ್ಣಗೆ ಅರೆದು, ಕೆನೆ ಹಾಕಿ ಬೇಯಿಸಿದ ಮೆತ್ತನೆಯ ತಿಂಡಿ. ಅಮ್ಮನಿಗೆ ಮೊಲ ಅಂದರೆ ಆಗುವುದೇ ಇಲ್ಲ. ಕೆಲಸದಾಕೆ ರೋಸ್‌ಗೂ ಅದು ಗೊತ್ತು, ಆರೂನ್‌ಗೂ ಗೊತ್ತು. ಇದು ಕೋಳಿ ಅಂತ ಆರೂನ್ ಹೇಳುತ್ತಾಳೆ. ಅಮ್ಮ ವಾಸನೆ ನೋಡುತ್ತಾಳೆ, ವಾಂತಿ ಮಾಡುತ್ತಾಳೆ, ಸಾಯುತ್ತಾಳೆ. ರೋಸ್ ಓಡಿ ಬಂದು ‘ನೀನೇ ಕೊಂದೆ’ ಅನ್ನುವ ಹಾಗೆ ಕೂಗಾಡುತ್ತಾಳೆ. ಆರೂನ್ ಶಾಂತವಾಗಿದ್ದಾಳೆ. ಉಳಿದ ಮೊಲದಡುಗೆಯನ್ನು ನನ್ನ ಊಟಕ್ಕೆ ಬಿಸಿಯಾಗಿಡು ಅಂತ ಹೇಳುತ್ತಾಳೆ. ಹಾಳು ಮಾಡಬಾರದಲ್ಲ!

ಇಷ್ಟನ್ನೂ ನಮಗೆ ಹೇಳುತ್ತಿರುವವಳು ಆರೂನ್ ಅವಳೇ. ತಾನು ಬದುಕಿಡೀ ಮನೆಯವರ ಒಳ್ಳೆಯದಕ್ಕೇ ದುಡಿದೆ ಅಂತ ಅವಳು ನಂಬಿದ್ದಾಳೆ. ಅಲ್ಲಿಂದ ಕಥೆ ಹಿಂದಕ್ಕೆ, ಟೆಂಪಲ್ ಆಲಿಸ್ ಎಂಬ ಬಂಗಲೆಯಲ್ಲಿ ಕಳೆದ ಅವಳ ಬಾಲ್ಯಕ್ಕೆ ಹೋಗುತ್ತದೆ. ಇನ್ನು ಇಡೀ ಪುಸ್ತಕ ಒಂದು ಬಗೆಯ ಕಣ್ಣಾಮುಚ್ಚಾಲೆ. ಕಣ್ಣು ಕಟ್ಟಿರುವುದು ಕಥೆ ಹೇಳುವವಳಿಗೆ. ನಮಗೆ ಎಲ್ಲ ಕಾಣುತ್ತಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಆರೂನ್‌ಳ ಅಣ್ಣತಮ್ಮ ಅಂತ ಇರುವವನು ಒಬ್ಬನೇ, ಹ್ಯೂಬರ್ಟ್. ನೋಡಲು ಚೆಲುವ. ಅವನ ಗೆಳೆಯ ರಿಚರ್ಡ್ ರಜೆಗೆ ಬರುತ್ತಾನೆ. ಮೂವರೂ ಬೇಸಿಗೆಯಿಡೀ ಒಟ್ಟಿಗೆ ಓಡಾಡುತ್ತಾರೆ. ಗಂಡುಹುಡುಗರಿಬ್ಬರೂ ಪ್ರೇಮಿಗಳು ಅಂತ ಓದುಗನಿಗೆ ಬೇಗ ಗೊತ್ತಾಗುತ್ತದೆ. ಅಪ್ಪನಿಗೂ ಏನೋ ವಾಸನೆ ಬಡಿದಿದೆ. ಒಂದು ರಾತ್ರಿ ರಿಚರ್ಡ್ ಆರೂನ್‌ಳ ಕೋಣೆಗೆ ಬರುತ್ತಾನೆ. ಅವಳ ಹಾಸಿಗೆಯಲ್ಲಿ ಸ್ವಲ್ಪ ಹೊತ್ತು ಮಲಗುತ್ತಾನೆ. ಮತ್ತೇನೂ ಆಗುವುದಿಲ್ಲ. ಹೊರಗೆ ಅಪ್ಪನಿಗೆ ಕೇಳಿಸಬೇಕು, ಅಷ್ಟೇ. ಮಗಳ ಹಿಂದೆ ಬಿದ್ದಿದ್ದಾನೆ ಅಂತ ತಿಳಿದು ಮುದುಕ ನೆಮ್ಮದಿಯಾಗಲಿ ಅಂತ ಹುಡುಗರಿಬ್ಬರ ಉಪಾಯ. ಆರೂನ್ ಮಾತ್ರ ಆ ರಾತ್ರಿಯನ್ನು ಜೀವಮಾನವಿಡೀ ಎದೆಗೊತ್ತಿಕೊಂಡು ಬದುಕುತ್ತಾಳೆ. ತನಗೂ ಒಬ್ಬ ಪ್ರಿಯಕರನಿದ್ದ ಎಂದು. ಆಮೇಲೆ ರಿಚರ್ಡ್ ಯಾಕೆ ಬರೆಯಲಿಲ್ಲ, ಯಾಕೆ ಬರಲಿಲ್ಲ ಅನ್ನುವುದಕ್ಕೆ ಅವಳೇ ಕಾರಣಗಳನ್ನು ಕಟ್ಟಿಕೊಳ್ಳುತ್ತಾಳೆ. ಓದುವಾಗ ನಗು ಬರುತ್ತದೆ. ನಕ್ಕಿದ್ದಕ್ಕೆ ನಮಗೇ ನಾಚಿಕೆಯೂ ಆಗುತ್ತದೆ.

ಹ್ಯೂಬರ್ಟ್ ಕಾರು ಅಪಘಾತದಲ್ಲಿ ಸಾಯುತ್ತಾನೆ. ಮನೆಯಲ್ಲಿ ಯಾರೂ ಅಳುವುದಿಲ್ಲ. ಅಳುವುದು ಅವರ ಪದ್ಧತಿಯಲ್ಲ. ಊಟದ ಹೊತ್ತಿಗೆ ಊಟ, ಕುದುರೆಯ ಹೊತ್ತಿಗೆ ಕುದುರೆ. ಅವನ ಹೆಸರನ್ನೇ ಎತ್ತುವುದಿಲ್ಲ. ದಿನ ಆದ ಮೇಲೆ ದಿನ, ನಡತೆ ಕೆಡದಂತೆ ಒಬ್ಬರನ್ನೊಬ್ಬರು ಕಾಯುತ್ತಾ ಕೂರುತ್ತಾರೆ. ಇಡೀ ಕಾದಂಬರಿಯಲ್ಲಿ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸಿದ ಪುಟಗಳು ಇವು. ಮೊಲದ ಊಟಕ್ಕಿಂತಲೂ.

ಇನ್ನು ಬಿಲ್ಲುಗಳು. ಊರಿನ ವ್ಯಾಪಾರಿಗಳ ಬಾಕಿ ಬೆಳೆಯುತ್ತಲೇ ಇರುತ್ತದೆ. ಅಮ್ಮ ಆ ಕಾಗದಗಳನ್ನು ಡ್ರಾಯರಿಗೆ ತುರುಕುತ್ತಾಳೆ. ಅಪ್ಪ ಹೊಸ ಕುದುರೆ ತರುತ್ತಾನೆ. ಅಮ್ಮ ಉಳಿತಾಯ ಮಾಡುವುದು ಸೌದೆಯಲ್ಲಿ, ಮಕ್ಕಳ ಊಟದಲ್ಲಿ. ಮೊದಲ ಮಹಾಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡ ಅಪ್ಪ ಆಮೇಲೆ ಪಾರ್ಶ್ವವಾಯು ಬಡಿದು ಮಲಗುತ್ತಾನೆ. ಅವನ ಆರೈಕೆ ರೋಸ್‌ಳದು. ಕಾಲು ತಣ್ಣಗಾಗಿದೆ ಅಂತ ರೋಸ್ ಹೊದಿಕೆಯೊಳಗೆ ಕೈ ಇಟ್ಟಿರುತ್ತಾಳೆ. ಆರೂನ್ ಅದನ್ನು ಕಂಡು ನಮಗೆ ಹಾಗೆಯೇ ವರದಿ ಮಾಡುತ್ತಾಳೆ. ಏನು ನಡೆಯುತ್ತಿದೆ ಅಂತ ಅವಳಿಗೆ ಗೊತ್ತಿಲ್ಲವೋ, ಗೊತ್ತಾಗುವುದು ಬೇಡವೋ?

ಕೊನೆಯಲ್ಲಿ ಅಪ್ಪನ ಉಯಿಲು ಓದುತ್ತಾರೆ. ಟೆಂಪಲ್ ಆಲಿಸ್ ಹೆಂಡತಿಗಲ್ಲ, ಆರೂನ್‌ಗೆ. ಜೀವನವಿಡೀ ತನ್ನನ್ನು ಕೀಳಾಗಿ ಕಂಡ ಅಮ್ಮ ಈಗ ತನ್ನ ಕೈಕೆಳಗೆ. ಆರೂನ್ ಸೇಡಿನ ಮಾತು ಆಡುವುದಿಲ್ಲ. ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಅನ್ನುವ ಧಾಟಿಯಲ್ಲೇ ಮಾತಾಡುತ್ತಾಳೆ. ಪುಸ್ತಕ ಮುಚ್ಚಿ, ಮತ್ತೆ ಮೊದಲ ಅಧ್ಯಾಯಕ್ಕೆ ಹೋಗಿ ಆ ಟ್ರೇಯನ್ನು ನೋಡಿ. ಬೆಳ್ಳಿ ಪಾತ್ರೆ, ಶುಭ್ರವಾದ ಬಟ್ಟೆ, ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ಇದೇ.

ಇಷ್ಟು ಹೇಳಿದ ಮೇಲೆ ಎರಡನೆಯ ಪ್ರಶ್ನೆ. ಜಮೀನ್ದಾರರ ಮಗಳು, ನರಿಬೇಟೆ ಆಡುತ್ತಿದ್ದವಳು, ಇಂಗ್ಲಿಷ್ ಧಣಿಗಳ ಕುಲ. ದಲಿತ-ಬಂಡಾಯ ಕಂಡ ಕನ್ನಡಕ್ಕೆ ಇವಳು ಯಾಕೆ ಬೇಕು?

ಉಳ್ಳವರ ಬಗ್ಗೆ ಹೊರಗಿನಿಂದ ಬರೆದದ್ದು ನಮ್ಮಲ್ಲಿ ಸಾಕಷ್ಟಿದೆ, ಇರಬೇಕು ಕೂಡ. ಒಳಗೇ ಹುಟ್ಟಿ, ಒಳಗೇ ಉಂಡು, ಸ್ವಂತ ಜನರನ್ನು ಇಷ್ಟು ನಿರ್ದಯವಾಗಿ ಬಯಲಿಗಿಟ್ಟ ಬರಹ ಯಾವ ಭಾಷೆಯಲ್ಲೂ ಅಪರೂಪ. ಕಳೆದುಹೋದ ವೈಭವಕ್ಕೆ ಕಣ್ಣೀರು ಹಾಕುವ ಕಾದಂಬರಿಗಳನ್ನು ನಾನೂ ಸಾಕಷ್ಟು ಓದಿದ್ದೇನೆ. ಬೇಸರ ಬರುತ್ತದೆ. ಮೊಲ್ಲಿ ಆ ಸಾಲಿನವರಲ್ಲ. ಸ್ವಂತ ಮನೆ ಸುಟ್ಟು ಇಪ್ಪತ್ತು ವರ್ಷವಾದ ಮೇಲೆ, 1941ರಲ್ಲಿ, ‘ಟೂ ಡೇಸ್ ಇನ್ ಆರಗಾನ್’ ಬರೆದರು. ಅದರಲ್ಲೂ ಒಂದು ಬಂಗಲೆ ಸುಡುತ್ತದೆ. ಕಥೆಯ ನಡುವೆ ನಿಂತಿರುವವಳು ನ್ಯಾನ್ ಎಂಬ ಮನೆವಾಳ್ತೆಯವಳು. ಆ ಧಣಿಗಳ ರಕ್ತವೇ ಅವಳಲ್ಲೂ ಇದೆ, ಆದರೆ ಹೇಳಿಕೊಳ್ಳುವ ಹಾಗಿಲ್ಲ. ಧಣಿಮನೆಯನ್ನು ಧಣಿಗಳಿಗಿಂತ ಹೆಚ್ಚಾಗಿ ಪ್ರೀತಿಸುವವಳು ಅವಳೇ. ಬೆಂಕಿ ಹಚ್ಚಿದವರು ದುಷ್ಟರು ಅಂತ ಬರೆದು ಮುಗಿಸುವುದು ಮೊಲ್ಲಿಗೆ ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ.

ಮತ್ತೆ, ಆರೂನ್‌ಳ ಮನೆಯಲ್ಲಿ ನಿಜ ಹೇಳುವವಳು ರೋಸ್ ಒಬ್ಬಳೇ. ಅದನ್ನು ಆರೂನ್ ‘ಕೆಲಸದವರ ಅತಿರೇಕ’ ಅಂತ ತಳ್ಳಿಹಾಕುತ್ತಾಳೆ. ರೋಸ್‌ಳ ಮಾತು ನಮಗೆ ಸಿಗುವುದು ಯಜಮಾನಿಯ ಬಾಯಿಂದ, ಅದೂ ಸೋಸಿಕೊಂಡು. ಯಾರ ಕಥೆಯನ್ನು ಯಾರು ಹೇಳುತ್ತಾರೆ ಅಂತ ಸದಾ ಕೇಳುತ್ತಾ ಬಂದಿರುವ ಕನ್ನಡದ ಓದುಗರಿಗೆ ಇದು ಮೊದಲ ಪುಟದಲ್ಲೇ ಹಿಡಿಯುತ್ತದೆ. ಲಂಡನ್ನಿನ ಓದುಗರಿಗಿಂತ ಬೇಗ ಹಿಡಿಯುತ್ತದೆ ಅಂತ ನನ್ನ ಗುಮಾನಿ.

ಅನುವಾದಕರಿಗೆ ಒಂದೇ ಮಾತು. ವಿವರಿಸಬೇಡಿ. ನಮ್ಮ ಅನುವಾದಗಳಿಗೆ ಓದುಗನ ಕೈ ಹಿಡಿದು ನಡೆಸುವ ಅಭ್ಯಾಸ ಇದೆ. ಗೊತ್ತಾಗದೇ ಹೋದೀತು ಅನ್ನುವ ಭಯದಿಂದ ಒಂದು ವಾಕ್ಯ ಸೇರಿಸುತ್ತೇವೆ, ಕೆಳಗೆ ಅಡಿಟಿಪ್ಪಣಿ ಹಾಕುತ್ತೇವೆ. ಬೇರೆ ಪುಸ್ತಕ ಇದನ್ನು ತಾಳಿಕೊಳ್ಳಬಹುದು. ಈ ಪುಸ್ತಕ ಸತ್ತೇ ಹೋಗುತ್ತದೆ. ರಿಚರ್ಡ್ ಯಾಕೆ ಬಂದ ಅಂತ ಅನುವಾದಕರು ಅರ್ಧ ವಾಕ್ಯ ಸೂಚಿಸಿದರೂ ಮುಗಿಯಿತು. ಆರೂನ್‌ಗೆ ಗೊತ್ತಿರುವಷ್ಟೇ ಮಾತು, ಅವಳ ಹುಸಿ ಗಾಂಭೀರ್ಯದ ಧಾಟಿಯಲ್ಲೇ ಬರಬೇಕು. ಗ್ರಂಥಸ್ಥ ಕನ್ನಡ ಬೇಡ. ದೊಡ್ಡಮನೆಯ ಹಿರಿಯ ಹೆಂಗಸು ನೆಂಟರ ಎದುರು ಮಾತಾಡುವ, ಒಂದು ಕೂದಲೂ ಅಲುಗದ ಕನ್ನಡ ಬೇಕು. ಮುನ್ನುಡಿಯಲ್ಲಿ ಐರ್ಲೆಂಡಿನ ಇತಿಹಾಸ ಎರಡು ಪುಟ ಇದ್ದರೆ ಸಾಕು, ಕಥೆಯ ಗುಟ್ಟು ಮಾತ್ರ ದಯವಿಟ್ಟು ಬಿಟ್ಟುಕೊಡಬೇಡಿ.

ದುಡ್ಡಿನ ಮಾತೂ ಆಡಬೇಕು. ಮೊಲ್ಲಿ ಕೀನ್ ತೀರಿಕೊಂಡದ್ದು 1996ರ ಏಪ್ರಿಲ್‌ನಲ್ಲಿ, ಆರ್ಡ್‌ಮೋರ್‌ನಲ್ಲೇ. ನಮ್ಮ ಕಾನೂನಿನ ಪ್ರಕಾರ ಲೇಖಕರು ಸತ್ತು 60 ವರ್ಷದವರೆಗೆ ಹಕ್ಕು ಇರುತ್ತದೆ. ಹಾಗಾಗಿ 2056 ಮುಗಿಯುವವರೆಗೆ ಕಾಯಿರಿ, ಇಲ್ಲವೇ ಈಗಲೇ ಹಕ್ಕು ಕೊಳ್ಳಿ. ಕಾಯುವುದು ನನ್ನಂಥವರಿಂದ ಆಗದ ಕೆಲಸ. ‘ಲಿಟರೇಚರ್ ಐರ್ಲೆಂಡ್’ ಎಂಬ ಅಲ್ಲಿನ ಸಂಸ್ಥೆ ಐರಿಷ್ ಪುಸ್ತಕಗಳನ್ನು ಬೇರೆ ಭಾಷೆಗೆ ತರುವ ಹೊರದೇಶದ ಪ್ರಕಾಶಕರಿಗೆ ಅನುವಾದದ ಖರ್ಚಿಗೆ ನೆರವು ಕೊಡುತ್ತದೆ. ಅರ್ಜಿ ಹಾಕಬೇಕಾದವರು ಪ್ರಕಾಶಕರು, ಓದುಗರು ಹಾಕಿದರೆ ನಡೆಯುವುದಿಲ್ಲ. ಬಂದ ಹಣ ಅನುವಾದಕರಿಗೇ ಹೋಗಲಿ. ಐವತ್ತು ಪ್ರತಿ ಪುಸ್ತಕ, ಒಂದು ಶಾಲು, ಇದನ್ನೇ ಸಂಭಾವನೆ ಅಂದುಕೊಳ್ಳುವ ಪದ್ಧತಿಯಲ್ಲಿ ಇಂಥ ಕಾದಂಬರಿ ಅನುವಾದ ಆಗುವುದಿಲ್ಲ.

ಇದು ಓಡಿದರೆ ಮುಂದೆ ‘ಟೈಮ್ ಆಫ್ಟರ್ ಟೈಮ್’ ಇದೆ, 1983ರದ್ದು. ಪಾಳುಬೀಳುತ್ತಿರುವ ಮನೆಯಲ್ಲಿ ಒಬ್ಬರಿಗೊಬ್ಬರು ಆಗದ ನಾಲ್ವರು ಮುದಿ ಒಡಹುಟ್ಟಿದವರು. ಅವರ ನಡುವೆ, ಸತ್ತಳು ಅಂದುಕೊಂಡಿದ್ದ ಸೋದರ ಸಂಬಂಧಿಯೊಬ್ಬಳು ಕುರುಡಿಯಾಗಿ ಬಂದಿಳಿಯುತ್ತಾಳೆ. ಅದರ ಮಾತು ಆಮೇಲೆ.

ಸದ್ಯಕ್ಕೆ ಇಷ್ಟು ಮಾಡಿ. ‘ಗುಡ್ ಬಿಹೇವಿಯರ್’ನ ಮೊದಲ ಅಧ್ಯಾಯ ಕೆಲವೇ ಪುಟ. ಮೂರು ನಾಲ್ಕು ಜನ ಅನುವಾದಕರಿಗೆ, ಅದರಲ್ಲಿ ಹೆಂಗಸರೂ ಇರಲಿ, ಮಾದರಿಗೆಂದು ಅದನ್ನು ಕೊಡಿ. ಬಂದದ್ದನ್ನು ಹೆಸರು ತೆಗೆದು, ಕಾದಂಬರಿ ಓದಿರದ ಯಾರಾದರೂ ಇಬ್ಬರ ಕೈಗಿಡಿ. ಓದಿದವರು ‘ಪಾಪ, ಮಗಳು ಎಷ್ಟು ಚೆನ್ನಾಗಿ ನೋಡಿಕೊಂಡಳು’ ಅಂತ ಶುರು ಮಾಡಿ ಮಾತಿನ ನಡುವೆ ತಡವರಿಸಿದರೆ, ಆ ಅನುವಾದಕರಿಗೇ ಪುಸ್ತಕ ಒಪ್ಪಿಸಿ. ಹಕ್ಕಿನ ಪತ್ರವ್ಯವಹಾರ ಅದೇ ವಾರ ಶುರುವಾಗಲಿ.

ಇಂತಿ ನಿಮ್ಮ,
ಕನ್ನಡದ ಒಬ್ಬ ಓದುಗಿ